ವಾದ್ಯವೃಂದದಲ್ಲಿ ಕವಲುತೋಕೆ ಹಕ್ಕಿಯ ಹಾಡು

ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ತಿರುಗಿ ಅದೇ ಗಾಂಧಾರ, ಆಮೇಲೆ ಷಡ್ಜ. ‘ಕ್ಯಾರಲ್ ಆಫ್ ದಿ ಬೆಲ್ಸ್’ ಎಂಬ ಹೆಸರಿನಲ್ಲಿ ಲೋಕವೆಲ್ಲ ಬಲ್ಲ ಕ್ರಿಸ್‌ಮಸ್ ಹಾಡಿನ ಮೂಲದ್ರವ್ಯ ಇಷ್ಟೇ. ನಮ್ಮ ಕ್ರಮದಲ್ಲಿ ಬರೆದುಕೊಂಡರೆ ‘ಗಾ ರಿಗ ಸಾ’ ಎಂದಾಗುತ್ತದೆ. ನಾಲ್ಕು ಸ್ವರ ಎಂದು ಹೇಳುತ್ತಾರಾದರೂ ಬಳಕೆಯಾಗುವ ಸ್ವರಸ್ಥಾನಗಳು ಮೂರೇ ಮೂರು. ಷಡ್ಜಕ್ಕೂ ಗಾಂಧಾರಕ್ಕೂ ನಡುವಿನ ಆ ಇಕ್ಕಟ್ಟಾದ ಜಾಗವನ್ನು ಬಿಟ್ಟು ಮಟ್ಟು ಬಹಳ ಹೊತ್ತು ಹೊರಗೆ ಕಾಲಿಡುವುದೇ ಇಲ್ಲ. ಸರಳೆ ವರಸೆ ಮುಗಿಸಿದ ಯಾವ ಮಗುವಾದರೂ ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಿಕೊಳ್ಳಬಹುದಾದಷ್ಟು ಚಿಕ್ಕ ಸ್ವರಗುಚ್ಛವಿದು.

ಅದರ ಕಾಲದ ಲೆಕ್ಕವನ್ನು ನೋಡಿದರೆ ಇನ್ನೊಂದು ಸೊಗಸು ಕಾಣುತ್ತದೆ. ಮೊದಲ ಗಾಂಧಾರಕ್ಕೆ ಎರಡು ಅಕ್ಷರ, ರಿಷಭಕ್ಕೆ ಒಂದು, ಮತ್ತೆ ಗಾಂಧಾರಕ್ಕೆ ಒಂದು, ಷಡ್ಜಕ್ಕೆ ಎರಡು, ಒಟ್ಟು ಆರು. ಎರಡು, ಒಂದು, ಒಂದು, ಎರಡು ಎಂಬ ಈ ಸಾಲನ್ನು ಹಿಂದಿನಿಂದ ಓದಿದರೂ ಹಾಗೆಯೇ ಇರುತ್ತದೆ. ಎರಡು ತಟ್ಟು, ಒಂದು ಬೀಸು ಹಾಕಿ ರೂಪಕ ತಾಳದಲ್ಲಿ ಎಣಿಸಿದರೆ ಎರಡೆರಡು ಅಕ್ಷರದ ಮೂರು ಭಾಗಗಳಾಗಿ ಸಲೀಸಾಗಿ ಕೂರುತ್ತದೆ. ತಿಶ್ರದಲ್ಲಿ ಎಣಿಸಿದರೆ ಮೂರು ಮೂರು ಅಕ್ಷರದ ಎರಡು ಭಾಗಗಳಾಗಿಯೂ ಅಷ್ಟೇ ಸಲೀಸಾಗಿ ಕೂರುತ್ತದೆ. ಕೇಳುವವರ ಕಾಲು ಯಾವ ಲೆಕ್ಕಕ್ಕೆ ಕುಣಿಯಬೇಕೆಂದು ತೀರ್ಮಾನಿಸಲಾರದೆ ತುಸು ತಡವರಿಸುತ್ತದಲ್ಲ, ಹೇಳಿದ್ದನ್ನೇ ಹೇಳುವ ಈ ಹಾಡು ಬೇಸರ ತರಿಸದಿರುವುದಕ್ಕೆ ಅರ್ಧ ಕಾರಣ ಆ ತಡವರಿಕೆಯಲ್ಲೇ ಇದೆಯೆಂದು ನನಗೆ ತೋರುತ್ತದೆ.

ಈ ಹಾಡನ್ನು ದೊಡ್ಡ ಸಿಂಫನಿ ವಾದ್ಯವೃಂದವೊಂದು ನುಡಿಸಿದ ಧ್ವನಿಮುದ್ರಣವನ್ನು ಭದ್ರಾವತಿಯ ಸ್ನೇಹಿತೆಯೊಬ್ಬರು ಡಿಸೆಂಬರಿನ ಮೊದಲ ವಾರದಲ್ಲಿ ಕಳುಹಿಸಿಕೊಟ್ಟರು. ಗಾಯಕರಿಲ್ಲ, ಬರಿಯ ವಾದ್ಯಗಳು. ಆ ದಿನಗಳಿಂದ ಅದನ್ನು ಎಷ್ಟು ಬಾರಿ ಕೇಳಿದೆನೋ ಲೆಕ್ಕವಿಟ್ಟಿಲ್ಲ. ಮೊದಮೊದಲು ಅದರ ಸದ್ದಿನ ಸೊಗಸಿಗಾಗಿ ಕೇಳುತ್ತಿದ್ದೆ. ಹಾಡಿನ ಪೂರ್ವಕತೆ ತಿಳಿದ ಮೇಲೆ ಕೇಳುವ ಬಗೆಯೇ ಬದಲಾಯಿತು. ಇದು ಮನೆಯ ಹೊಸ್ತಿಲ ಬಳಿ ನಿಂತು ಹಾಡುತ್ತಿದ್ದ ಹಾಡು. ವಾದ್ಯವೃಂದ ಎಷ್ಟೇ ದೊಡ್ಡದಾಗಲಿ, ಆ ಹೊಸ್ತಿಲು ಅದರೊಳಗೆ ಉಳಿದಿದೆಯೇ ಇಲ್ಲವೇ ಎಂಬುದರಿಂದಲೇ ನುಡಿಸಾಣಿಕೆಯನ್ನು ಅಳೆಯಬೇಕೆಂಬುದು ಈಗ ನನ್ನ ಅಭಿಪ್ರಾಯ.

ಮೊದಲು ನುಡಿಸಾಣಿಕೆಯ ವಿಚಾರಕ್ಕೇ ಬರುತ್ತೇನೆ. ಆರಂಭದಲ್ಲಿ ಹಾರ್ಪ್ ಎಂಬ ತಂತಿವಾದ್ಯ ಒಂದೇ ಆ ಆರು ಅಕ್ಷರದ ಗುಚ್ಛವನ್ನು ಹೇಳುತ್ತದೆ. ನಾಲ್ಕು ಆವರ್ತ ಕಳೆಯುವಷ್ಟರಲ್ಲಿ ಸೆಲೆಸ್ಟಾ ಎಂಬ ವಾದ್ಯ ಅದರ ಜೊತೆಗೂಡುತ್ತದೆ. ನೋಡಲು ಚಿಕ್ಕ ಪಿಯಾನೋವಿನಂತಿದ್ದರೂ ಅದರ ಸುತ್ತಿಗೆಗಳು ಬಡಿಯುವುದು ತಂತಿಯನ್ನಲ್ಲ, ಲೋಹದ ಪಟ್ಟಿಗಳನ್ನು. ಬಳಿಕ ಪಿಟೀಲುಗಳು ಬಿಲ್ಲನ್ನು ಮುಟ್ಟದೆ ಬೆರಳಿನಿಂದ ತಂತಿ ಮೀಟಿ ಅದೇ ಗುಚ್ಛವನ್ನು ಎತ್ತಿಕೊಳ್ಳುತ್ತವೆ. ಆಗ ಕೆಳಗೆ, ಪಿಟೀಲಿಗಿಂತ ದೊಡ್ಡದಾದ ತಗ್ಗುದನಿಯ ಚೆಲ್ಲೋಗಳು ಷಡ್ಜದಿಂದ ಹೊರಟು, ಆವರ್ತಕ್ಕೆ ಒಂದು ಸ್ವರದಂತೆ, ಕೈಶಿಕಿ ನಿಷಾದಕ್ಕೆ, ಶುದ್ಧ ಧೈವತಕ್ಕೆ, ಪಂಚಮಕ್ಕೆ ಇಳಿಯುತ್ತವೆ. ಮೇಲಿನದು ಒಂದಿಷ್ಟೂ ಬದಲಾಗಿಲ್ಲ, ಗಾ ರಿಗ ಸಾ ತನ್ನ ಪಾಡಿಗೆ ತಾನು ನಡೆಯುತ್ತಿದೆ. ಆದರೆ ತಳದಲ್ಲಿರುವ ಸ್ವರ ಬದಲಾದ ಹಾಗೆಲ್ಲ ಮೇಲಿನ ಗಾಂಧಾರದ ಮುಖಭಾವವೇ ಬೇರೆಯಾಗುತ್ತ ಹೋಗುತ್ತದೆ. ಷಡ್ಜದ ಮೇಲೆ ಕೊಂಚ ದುಗುಡವಾಗಿ ಕೇಳಿದ ಅದೇ ಸ್ವರ ಧೈವತದ ಮೇಲೆ ನಿಂತಾಗ ತುಂಬಿಕೊಂಡಂತೆಯೂ, ಪಂಚಮದ ಮೇಲೆ ನಿಂತಾಗ ಇನ್ನೇನೋ ಬರಲಿದೆ ಎಂದು ಕಾಯುವಂತೆಯೂ ಕೇಳಿಸುತ್ತದೆ.

ಕರ್ನಾಟಕ ಸಂಗೀತದಲ್ಲಿ ಬೆಳೆದ ಕಿವಿಗೆ ಇದು ತಲೆಕೆಳಗಾದ ಅನುಭವ. ನಮ್ಮಲ್ಲಿ ತಂಬೂರಿ ಅಲುಗದೆ ನಿಂತಿರುತ್ತದೆ, ರಾಗ ಅದರ ಮೇಲೆ ಓಡಾಡುತ್ತದೆ. ಇಲ್ಲಿ ರಾಗವೇ ಒಂದು ಕಡೆ ಕೂತುಬಿಟ್ಟಿದೆ, ನೆಲ ಓಡಾಡುತ್ತಿದೆ. ಪಾಶ್ಚಾತ್ಯ ಸಂಗೀತದ ಹಾರ್ಮೊನಿ ಎಂದರೇನು ಎಂದು ಯಾರಾದರೂ ಕೇಳಿದರೆ, ಪುಸ್ತಕದ ವಿವರಣೆಗಳನ್ನೆಲ್ಲ ಬದಿಗಿಟ್ಟು ಈ ಹಾಡಿನ ಮೊದಲ ಅರ್ಧ ನಿಮಿಷವನ್ನು ಕೇಳಿಸುವುದು ಉತ್ತಮವೆಂದು ನಾನು ಈಗ ಹೇಳುತ್ತೇನೆ.

ನಡುವೆ ಒಂದೆಡೆ ಮಾತ್ರ ಮಟ್ಟು ತನ್ನ ಮೂಲೆಯನ್ನು ಬಿಟ್ಟು ಏಳುತ್ತದೆ. ಪಂಚಮವನ್ನು ಒತ್ತಿ ಒತ್ತಿ ಹೇಳಿ, ಅಲ್ಲಿಂದ ಚತುಶ್ರುತಿ ಧೈವತ, ಕಾಕಲಿ ನಿಷಾದಗಳನ್ನು ಹಿಡಿದು ಮೇಲಿನ ಷಡ್ಜವನ್ನು ದಾಟಿ ಗಾಂಧಾರದವರೆಗೆ ಹತ್ತುತ್ತದೆ. ಇಳಿಯುವಾಗ ನಟಭೈರವಿ ರಾಗದ ಸ್ವರಗಳು, ಹತ್ತುವಾಗ ಗೌರಿಮನೋಹರಿ ರಾಗದ ಸ್ವರಗಳು ಎಂದು ನಮ್ಮವರು ಗುರುತು ಹಾಕಿಕೊಳ್ಳಬಹುದು. ರಾಗಭಾವವನ್ನು ಹುಡುಕಹೋದರೆ ಮಾತ್ರ ನಿರಾಶೆ ಖಂಡಿತ, ಏಕೆಂದರೆ ಅದು ಈ ಸಂಗೀತದ ಉದ್ದೇಶವೇ ಅಲ್ಲ. ಧ್ವನಿಮುದ್ರಣದಲ್ಲಿ ಈ ಏರಿಕೆಯನ್ನು ಫ್ರೆಂಚ್ ಹಾರ್ನ್‌ಗಳಿಗೆ ಕೊಟ್ಟಿದ್ದಾರೆ. ಹಾರ್ನ್‌ಗಳು ತುಂಬುಗಂಟಲಲ್ಲಿ ಏಳುವಾಗ ಅವುಗಳ ಹಿಂದೆ ಟಿಂಪನಿ ಎಂಬ ದೊಡ್ಡ ನಗಾರಿ ಗುಡುಗತೊಡಗುತ್ತದೆ, ಉದ್ದುದ್ದ ಕೊಳವೆಗಳನ್ನು ನೇತುಹಾಕಿದ ಟ್ಯೂಬುಲರ್ ಬೆಲ್ಸ್‌ನ ಮೇಲೆ ಸುತ್ತಿಗೆ ಬೀಳುತ್ತದೆ. ಇಷ್ಟೆಲ್ಲ ಗಲಾಟೆಯ ನಡುವೆಯೂ ಎರಡನೆಯ ಸಾಲಿನ ಪಿಟೀಲುಗಳು ಮಾತ್ರ ಆ ಮೊದಲಿನ ಆರು ಅಕ್ಷರವನ್ನು ಬಿಟ್ಟಿರುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿದರೆ ಎಡಗಿವಿಯ ಅಂಚಿನಲ್ಲಿ ಅದು ನಡೆದೇ ಇರುತ್ತದೆ. ಕಂಡಕ್ಟರ್ ಮಹಾಶಯರು ಅದನ್ನು ಮುಳುಗಗೊಡದೆ ಉಳಿಸಿದ್ದಾರಲ್ಲ, ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಜಾಗದಲ್ಲಿ.

ಈಗ ಹಾಡಿನ ಹುಟ್ಟಿನ ವಿಷಯ. ಇದನ್ನು ರಚಿಸಿದ ಮಿಕೋಲಾ ಲಿಯೊಂತೊವಿಚ್ ಉಕ್ರೇನಿನವರು. 1877ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ, ಶಾಲೆಗಳಲ್ಲಿ ಸಂಗೀತ ಕಲಿಸಿ ಬದುಕಿದವರು. ಹಳ್ಳಿಯ ಹಳೆಯ ಹಾಡೊಂದರಲ್ಲಿದ್ದ ಆ ಪುಟ್ಟ ಸ್ವರಗುಚ್ಛವನ್ನು ಹಿಡಿದುಕೊಂಡು, ವಾದ್ಯಗಳ ನೆರವಿಲ್ಲದ ಗಾಯನವೃಂದಕ್ಕಾಗಿ ಅದನ್ನು ವರ್ಷಾನುಗಟ್ಟಲೆ ಬರೆದು, ಅಳಿಸಿ, ಮತ್ತೆ ಬರೆದರು. ಅವರು ಇಟ್ಟ ಹೆಸರು ‘ಶ್ಚೆದ್ರಿಕ್’. 1916ರಲ್ಲಿ ಒಲೆಕ್ಸಾಂದ್ರ್ ಕೋಶಿತ್ಸ್ ಅವರ ಮುಂದಾಳತನದಲ್ಲಿ ಕೀವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗಾಯನವೃಂದ ಅದನ್ನು ಮೊದಲ ಬಾರಿ ಹಾಡಿತು. ಹಾಡು ಎಷ್ಟು ಚಿಕ್ಕದೆಂದರೆ, ಒಂದು ನಿಮಿಷ ದಾಟಿ ಸ್ವಲ್ಪ ಹೊತ್ತಿಗೆಲ್ಲ ಮುಗಿದುಹೋಗುತ್ತದೆ.

ಮೂರು ವರ್ಷಗಳ ನಂತರ, ಹೊಸದಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಉಕ್ರೇನ್ ಗಣರಾಜ್ಯವು ತನ್ನ ಅಸ್ತಿತ್ವವನ್ನು ಯೂರೋಪಿಗೆ ಮನಗಾಣಿಸುವುದಕ್ಕಾಗಿ ಕೋಶಿತ್ಸ್ ಅವರ ಗಾಯನವೃಂದವನ್ನು ಹೊರದೇಶಗಳಿಗೆ ಕಳುಹಿಸಿತು. ರಾಯಭಾರಿಗಳ ಜೊತೆಗೆ ಹಾಡುಗಾರರನ್ನೂ ಕಳುಹಿಸಬೇಕೆಂದು ಸರಕಾರವೊಂದಕ್ಕೆ ತೋಚಿದ್ದು ಚರಿತ್ರೆಯಲ್ಲಿ ಅಪರೂಪದ ಸಂಗತಿ. ಹಾಡುಗಾರರು ಊರೂರು ಸುತ್ತುತ್ತಿದ್ದಂತೆಯೇ ಅತ್ತ ಗಣರಾಜ್ಯ ಬಿದ್ದುಹೋಯಿತು, ಹಾಡು ಮಾತ್ರ ಗೆದ್ದಿತು. 1922ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರು ಶ್ಚೆದ್ರಿಕ್ ಹಾಡಿದಾಗ ಅದನ್ನು ಕೇಳಲು ಲಿಯೊಂತೊವಿಚ್ ಇರಲಿಲ್ಲ. 1921ರ ಜನವರಿ 23ರಂದು, ಅತಿಥಿಯಾಗಿ ಅವರ ತಂದೆಯ ಮನೆಯಲ್ಲಿ ರಾತ್ರಿ ತಂಗಿದ್ದ ಸೋವಿಯತ್ ರಹಸ್ಯ ಪೊಲೀಸ್ ದಳದವನೊಬ್ಬ ಬೆಳಗಾಗುವ ಹೊತ್ತಿಗೆ ಅವರನ್ನು ಗುಂಡಿಕ್ಕಿ ಕೊಂದಿದ್ದ. ಅವರಿಗಾಗ 43 ವರ್ಷ.

ಅಮೆರಿಕದಲ್ಲಿ ಇದನ್ನು ಕ್ರಿಸ್‌ಮಸ್ ಹಾಡನ್ನಾಗಿ ಮಾಡಿದವರು ಪೀಟರ್ ವಿಲ್ಹೌಸ್ಕಿ. 1936ರಲ್ಲಿ ಅವರು ಈ ಮಟ್ಟಿಗೆ ಗಂಟೆಗಳ ನಾದವನ್ನು ಕುರಿತ ಇಂಗ್ಲಿಷ್ ಸಾಹಿತ್ಯವನ್ನು ಹೊಂದಿಸಿದರು. ರೇಡಿಯೋದಲ್ಲಿ ವಾದ್ಯವೃಂದದೊಂದಿಗೆ ಹಾಡು ಹರಡಿತು, ಶಾಲೆಗಳ ಗಾಯನವೃಂದಗಳು ಎತ್ತಿಕೊಂಡವು, ಮುಂದೆ ಅದು ಯಾವ ವಾದ್ಯಕ್ಕೂ ಸಲ್ಲುವ ಸಾಮಗ್ರಿಯಾಯಿತು. ಮಟ್ಟು ಒಂದು ಕಡೆಯದು, ಮಾತು ಇನ್ನೊಂದು ಕಡೆಯದು ಎಂದು ಮೂಗು ಮುರಿಯುವವರು ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳನ್ನು ನೆನೆಯಬೇಕು. ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟಿಗೆ ‘ಸಂತತಂ ಪಾಹಿಮಾಂ’ ಎಂದು ದೇವಿಯನ್ನು ಸ್ತುತಿಸಿದ ಪರಂಪರೆ ನಮ್ಮದು. ಹಾಗಾಗಿ ವಿಲ್ಹೌಸ್ಕಿಯವರ ಗಂಟೆಗಳ ಬಗ್ಗೆ ನನ್ನ ತಕರಾರಿಲ್ಲ. ಅವರಿಂದಾಗಿಯೇ ಈ ಹಾಡು ನನ್ನ ಕಿವಿಗೂ ಬಿದ್ದಿತು. ಆದರೆ ಮೂಲದ ಮಾತುಗಳನ್ನು ತಿಳಿದ ಮೇಲೆ ವಾದ್ಯವೃಂದದಲ್ಲಿ ಏನನ್ನು ಆಲಿಸಬೇಕೆಂಬುದು ಸ್ಪಷ್ಟವಾಯಿತು.

ಮೂಲದಲ್ಲಿ ಗಂಟೆಯೂ ಇಲ್ಲ, ಕ್ರಿಸ್‌ಮಸ್ಸೂ ಇಲ್ಲ. ಅದು ಹೊಸ ವರ್ಷದ ಮುನ್ನಾದಿನ ಮನೆಮನೆಗೆ ಹೋಗಿ ಹಾಡುವ ಹಾಡು. ಕವಲುತೋಕೆ ಹಕ್ಕಿಯೊಂದು ಹಾರಿಬಂದು ಚಿಲಿಪಿಲಿ ಎನ್ನುತ್ತ ಯಜಮಾನನನ್ನು ಹೊರಗೆ ಕರೆಯುತ್ತದೆ. ಹೊರಗೆ ಬಾ, ಕುರಿಹಟ್ಟಿಯ ಕಡೆ ನೋಡು, ಕುರಿಗಳು ಈದಿವೆ, ಮರಿಗಳು ಹುಟ್ಟಿವೆ, ನಿನ್ನ ಸರಕೆಲ್ಲ ಚೊಕ್ಕವಾಗಿದೆ, ಕೈತುಂಬ ಹಣ ಬರುತ್ತದೆ, ನಿನಗೆ ಕಪ್ಪು ಹುಬ್ಬಿನ ಚೆಲುವೆ ಹೆಂಡತಿಯಿದ್ದಾಳೆ ಎಂದು ಹರಸುತ್ತದೆ. ನಡುಚಳಿಗಾಲದ ಉಕ್ರೇನಿನಲ್ಲಿ ಆ ಹಕ್ಕಿ ಇರುವುದಿಲ್ಲ, ಆಗ ಅದು ಆಫ್ರಿಕಾದಲ್ಲಿರುತ್ತದೆ. ಹೊಸ ವರ್ಷವನ್ನು ವಸಂತದ ಆರಂಭದಲ್ಲಿ ಎಣಿಸುತ್ತಿದ್ದ ಬಹು ಹಿಂದಿನ ಕಾಲದ ಹಾಡು ಇದು ಎಂದು ವಿದ್ವಾಂಸರು ಹೇಳುವುದು ಆ ಕಾರಣದಿಂದಲೇ. ನಮ್ಮ ಕಡೆ ಡಿಸೆಂಬರಿನಲ್ಲಿ ಗದ್ದೆ ಬಯಲಿನ ವಿದ್ಯುತ್ ತಂತಿಗಳ ಮೇಲೆ ಸಾಲುಗಟ್ಟಿ ಕೂರುವುದೂ ಇದೇ ಜಾತಿಯ ಹಕ್ಕಿ. ಕಾಜಾಣ ಅಲ್ಲ, ಅದಕ್ಕಿಂತ ಬಹಳ ಚಿಕ್ಕದು, ಗಂಟಲು ಕೆಂಗಂದು ಬಣ್ಣ. ನಮ್ಮಲ್ಲಿಗೆ ಬರುವವು ಉತ್ತರ ಏಷ್ಯಾದ ಕಡೆಯವು, ಉಕ್ರೇನಿನವಲ್ಲ. ಆದರೂ ಗಾಜನೂರಿನ ದಾರಿಯಲ್ಲಿ ತಂತಿಯ ಮೇಲಿನ ಆ ಸಾಲನ್ನು ಕಂಡಾಗಲೆಲ್ಲ ಈಚೆಗೆ ಆರು ಅಕ್ಷರದ ಗುಚ್ಛ ತಲೆಯೊಳಗೆ ತಾನಾಗಿ ಶುರುವಾಗಿಬಿಡುತ್ತದೆ.

ಹಾಡಿನ ಮಾತುಗಳನ್ನು ತಿಳಿದಾಗ ಮಲೆನಾಡಿನವರಿಗೆ ನೆನಪಾಗಬೇಕಾದದ್ದು ಅಂಟಿಗೆ ಪಂಟಿಗೆ. ದೀಪಾವಳಿಯ ಬಲಿಪಾಡ್ಯಮಿಯ ರಾತ್ರಿ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಹಳ್ಳಿಗಳಲ್ಲಿ ಗಂಡಸರ ತಂಡವೊಂದು ಹೊತ್ತಿಸಿದ ದೀಪವನ್ನು ಹಿಡಿದು, ಅದು ಗಾಳಿಗೆ ಆರದಂತೆ ಕಾಪಾಡಿಕೊಳ್ಳುತ್ತ, ತೋಟ ಗದ್ದೆಗಳ ದಾರಿಯಲ್ಲಿ ಮನೆಯಿಂದ ಮನೆಗೆ ನಡೆಯುತ್ತದೆ. ಒಂಟಿ ಮನೆಗಳ ಸೀಮೆಯಾದ್ದರಿಂದ ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಮೈಲಿ ದೂರವಿದ್ದರೂ ಆಶ್ಚರ್ಯವಿಲ್ಲ. ಮನೆಯವರು ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಹೊರಗಿನವರು ಬಾಗಿಲು ತೆಗೆಯಿರೆಂದು ಹಾಡಿ ಎಬ್ಬಿಸಬೇಕು; ಮುಂದಾಳುಗಳು ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಬಾಗಿಲು ತೆರೆದ ಮೇಲೆ ಮನೆಯೊಡತಿ ಅವರ ದೀಪಕ್ಕೆ ಎಣ್ಣೆ ಎರೆದು, ಆ ದೀಪದಿಂದ ತನ್ನ ದೀಪವನ್ನು ಹೊತ್ತಿಸಿಕೊಳ್ಳುತ್ತಾಳೆ. ಮನೆ ಬೆಳಗಲಿ, ಹಟ್ಟಿ ತುಂಬಲಿ, ಮಕ್ಕಳು ಮರಿ ಚೆನ್ನಾಗಿರಲಿ ಎಂಬ ಹರಕೆಯ ಹಾಡುಗಳಾಗುತ್ತವೆ. ಅಕ್ಕಿ, ತೆಂಗಿನಕಾಯಿ, ಕಜ್ಜಾಯ, ಕಾಣಿಕೆ ಕೈಬದಲಾಗುತ್ತವೆ. ತಂಡ ಮುಂದಿನ ಮನೆಯ ದಾರಿ ಹಿಡಿಯುತ್ತದೆ.

ಬಾಲ್ಯದಲ್ಲಿ ಅಜ್ಜನ ಮನೆಯಲ್ಲಿ ಈ ತಂಡ ಬಂದಾಗ ನನ್ನ ಕಿವಿಗೆ ಮೊದಲು ಬೀಳುತ್ತಿದ್ದುದು ಹಾಡಿನ ಮಾತಲ್ಲ, ಅದರ ಮಟ್ಟು. ತೋಟದ ಆಚೆಯಿಂದ ಸಣ್ಣಗೆ ಕೇಳಿ, ಅಂಗಳಕ್ಕೆ ಬಂದಂತೆ ದೊಡ್ಡದಾಗಿ, ಬಾಗಿಲ ಬಳಿ ಅತ್ಯಂತ ದೊಡ್ಡದಾಗಿ, ಹೊರಟುಹೋದ ಮೇಲೆ ಮತ್ತೆ ಸಣ್ಣದಾಗುತ್ತಿತ್ತು. ಮಟ್ಟು ಬಹಳ ಕಿರಿದು, ಮೂರು ನಾಲ್ಕು ಸ್ವರಗಳ ಒಳಗೇ ಸುತ್ತುವಂಥದ್ದು. ರಾತ್ರಿಯಿಡೀ ನಡೆಯುತ್ತ ಹಾಡಬೇಕಾದವರು ದೊಡ್ಡ ದೊಡ್ಡ ಸಂಚಾರಗಳ ಹಾಡನ್ನು ಕಟ್ಟಿಕೊಂಡರೆ ಮೂರನೆಯ ಮನೆಗೇ ಗಂಟಲು ಕಟ್ಟಿಹೋದೀತು. ಶ್ಚೆದ್ರಿಕ್‌ನ ಮಟ್ಟು ಅಷ್ಟು ಕಿರಿದಾಗಿರುವುದಕ್ಕೂ ಇದೇ ಕಾರಣವಿರಬೇಕೆಂಬುದು ನನ್ನ ಊಹೆ. ಅದು ನಡೆಯುವವರ ಹಾಡು.

ವಾದ್ಯವೃಂದದ ಕಂಡಕ್ಟರ್ ಮಾಡಿದ ಕೆಲಸ ನನಗೆ ಅರ್ಥವಾದದ್ದು ಈ ದಾರಿಯಿಂದ. ಹಾರ್ಪ್‌ನಿಂದ ಶುರುವಾಗಿ ಹಾರ್ನ್‌ಗಳವರೆಗೆ ಏರಿ ಮತ್ತೆ ಹಾರ್ಪ್‌ಗೆ ಇಳಿಯುವ ಅವರ ನಕ್ಷೆಯನ್ನು ನಾನು ಮೊದಲು ಸಾಮಾನ್ಯ ನಾಟಕೀಯ ತಂತ್ರವೆಂದು ತಿಳಿದಿದ್ದೆ. ಸದ್ದು ದೊಡ್ಡದಾಗುವುದನ್ನು ತಂಡ ಹತ್ತಿರ ಬರುತ್ತಿರುವುದು ಎಂದೂ, ಹಾರ್ನ್‌ಗಳ ಏರಿಕೆಯನ್ನು ಬಾಗಿಲು ತೆರೆದ ಗಳಿಗೆ ಎಂದೂ ಕೇಳಿದರೆ ನುಡಿಸಾಣಿಕೆ ಹೊಸದಾಗಿ ಹೊಂದಿಕೊಳ್ಳುತ್ತದೆ. ಗಟ್ಟಿಯಾಗಿ ನುಡಿಸಿದ ಭಾಗವನ್ನು ಅವರು ಚುಟುಕಾಗಿ ಇಟ್ಟಿರುವುದೂ ಆಗಲೇ ಗಮನಕ್ಕೆ ಬಂದದ್ದು. ಹೊಸ್ತಿಲಲ್ಲಿ ಯಾವ ತಂಡವೂ ಗಂಟೆಗಟ್ಟಲೆ ನಿಲ್ಲುವುದಿಲ್ಲವಲ್ಲ.

ಒಂದು ಸಂಜೆ ತೀರ್ಥಹಳ್ಳಿಯ ಬಳಿಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಈ ಮುದ್ರಣವನ್ನು ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದೆ. ಈಗ ಸುಲಿಯುವ ಯಂತ್ರಗಳು ಬಂದಿವೆ, ಆದರೂ ಒಳ್ಳೆಯ ಹಸಿ ಅಡಿಕೆಗೆ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಕೈಯೇ ಆಗಬೇಕೆನ್ನುವ ಮನೆಗಳಲ್ಲಿ ನಮ್ಮದೂ ಒಂದು. ಎಡಗೈ ಅಡಿಕೆಯನ್ನು ಕತ್ತಿಯ ಬಾಯಿಗೆ ಒತ್ತುತ್ತದೆ, ಬಲಗೈ ತಿರುವುತ್ತದೆ, ಸಿಪ್ಪೆ ಒಂದು ಕಡೆ ಬೀಳುತ್ತದೆ, ಅಡಿಕೆ ಡಬ್ಬದಲ್ಲಿ ಟಪ್ಪೆನ್ನುತ್ತದೆ. ಅಷ್ಟರಲ್ಲಿ ಇನ್ನೊಂದು ಕೈಗೆ ಬಂದಿರುತ್ತದೆ. ಆಚೆ ಒಲೆಯ ಮೇಲೆ ಹಂಡೆಯಲ್ಲಿ ಚೊಗರು ಕುದಿಯುತ್ತಿರುತ್ತದೆ. ಕೈ ತನ್ನ ಪಾಡಿಗೆ ಅದೊಂದೇ ಚಲನೆಯನ್ನು ಸಾವಿರ ಸಲ ಮಾಡುತ್ತಿರುವಾಗ ಬಾಯಲ್ಲಿ ಊರಿನ ಸುದ್ದಿ, ಮದುವೆ ಮಾತು, ಅಡಿಕೆ ರೇಟು ಎಲ್ಲವೂ ಹರಿದುಹೋಗುತ್ತಿರುತ್ತವೆ. ಲಿಯೊಂತೊವಿಚ್ ಅವರ ಬರವಣಿಗೆಯಲ್ಲಿ ಆರು ಅಕ್ಷರದ ಗುಚ್ಛವೂ ಉಳಿದ ಧ್ವನಿಗಳೂ ಹೀಗೆಯೇ ಕೂಡಿ ನಡೆಯುತ್ತವೆ.

ಹಲವು ದಶಕಗಳಿಂದ ನಮ್ಮಲ್ಲಿ ಸುಲಿಯಲು ಬರುವ ಹಿರಿಯ ಹೆಂಗಸೊಬ್ಬರು ಮೊದಲ ನಿಮಿಷ ಕೇಳಿ, “ಎಂತ ಅಮ್ಮ ಇದು, ಹೇಳಿದ್ದೇ ಹೇಳ್ತದಲ?” ಎಂದರು. ಮುಂದೆ ಕೇಳಿ ಎಂದೆ. ಹಾರ್ನ್‌ಗಳ ಜೊತೆಗೆ ಟಿಂಪನಿ ಗುಡುಗಿದ್ದೇ ತಡ, ಕತ್ತಿಯಿಂದ ಕಣ್ಣೆತ್ತದೆ, “ಹಾಂ, ಈಗ ಬಣ್ಣದ ವೇಷ ಬಂತು ನೋಡಿ” ಎಂದರು. ಯಕ್ಷಗಾನ ಮೇಳಗಳ ಆಟ ನೋಡಿ ಬೆಳೆದ ಅವರ ಕಿವಿಗೆ ಚಂಡೆ ಬಿದ್ದಿತೆಂದರೆ ರಾಕ್ಷಸ ಪಾತ್ರದ ಪ್ರವೇಶವೇ. ಒಂದು ಲೆಕ್ಕದಲ್ಲಿ ಈ ಮಾತು ನನ್ನ ಮೆಚ್ಚಿನ ನುಡಿಸಾಣಿಕೆಯ ಮೇಲಿನ ಟೀಕೆಯೂ ಹೌದು. ಕುರಿ ಈದ ಸುದ್ದಿ ತಂದ ಹಕ್ಕಿಗೆ ಬಣ್ಣದ ವೇಷದ ಅಬ್ಬರ ಬೇಕಿತ್ತೇ ಎಂದು ಆಮೇಲೆ ಯೋಚಿಸಿದೆ. ಟಿಂಪನಿಯನ್ನು ಅರ್ಧ ಪಾಲು ಕಡಿಮೆ ಮಾಡಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಆದರೂ ಈ ಹಾಡಿಗೆ ಆಗಿರುವ ಉಳಿದ ಉಪಚಾರಗಳನ್ನು ನೋಡಿದರೆ ಆ ಟಿಂಪನಿ ಏನೇನೂ ಅಲ್ಲ. ಶಿವಮೊಗ್ಗದ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಡಿಸೆಂಬರಿನುದ್ದಕ್ಕೂ ಇದರ ಒಂದು ರೂಪವನ್ನು ಹಾಕಿರುತ್ತಾರೆ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್, ಕೀಬೋರ್ಡಿನ ಗಂಟೆ ಎಲ್ಲವೂ ಒಟ್ಟಿಗೆ ಕಿರುಚುತ್ತವೆ. ಎಲ್ಲವೂ ಗಟ್ಟಿಯಾಗಿದ್ದರೆ ತಂಡ ದೂರದಿಂದ ಬರುವುದೆಲ್ಲಿ, ಬಾಗಿಲು ತೆರೆಯುವುದೆಲ್ಲಿ? ಮಟ್ಟು ಬದಲಾಗದ ಹಾಡಿನಲ್ಲಿ ಸದ್ದಿನ ಏರಿಳಿತವನ್ನೂ ತೆಗೆದುಬಿಟ್ಟರೆ ಉಳಿಯುವುದು ತಲೆನೋವು ಮಾತ್ರ. ಅದಕ್ಕಿಂತ, ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಕ್ಯಾಥೆಡ್ರಲ್‌ನ ಆಸುಪಾಸಿನ ಬೀದಿಗಳಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಸಂಜೆಗಳಲ್ಲಿ ಒಂದು ಗಿಟಾರ್ ಹಿಡಿದು ಮನೆಮನೆಗೆ ಕ್ಯಾರಲ್ ಹಾಡಲು ಹೊರಡುವ ಹುಡುಗ ಹುಡುಗಿಯರ ಗುಂಪೇ ಹಾಡಿನ ಮೂಲ ಸ್ವಭಾವಕ್ಕೆ ಹತ್ತಿರ. ಅವರು ಹಾಡುವುದು ಕನ್ನಡ ಮತ್ತು ಕೊಂಕಣಿಯ ಬೇರೆ ಹಾಡುಗಳನ್ನು. ಗೇಟಿನ ಬಳಿ ನಿಂತು, ಒಳಗಿನಿಂದ ಯಾರಾದರೂ ಬರುವವರೆಗೆ ಒಂದೇ ಚರಣವನ್ನು ತಿರುಗಿಸಿ ತಿರುಗಿಸಿ ಹಾಡುವ ಅವರ ಕ್ರಮ ಮಾತ್ರ ಅದೇ.

ಈ ಹಾಡನ್ನು ಕೇಳಬೇಕೆಂದು ಮನಸ್ಸಾದವರು ಮೊದಲು ಗಾಯನವೃಂದವೊಂದು ವಾದ್ಯಗಳಿಲ್ಲದೆ ಉಕ್ರೇನಿನ ಭಾಷೆಯಲ್ಲಿ ಹಾಡಿದ್ದನ್ನು ಕೇಳಿ, ಆಮೇಲೆ ವಾದ್ಯವೃಂದಕ್ಕೆ ಬರುವುದು ಒಳ್ಳೆಯದು. ಎರಡನೆಯ ಬಾರಿ ಕೇಳುವಾಗ ಮೇಲಿನ ಗುಚ್ಛವನ್ನು ಬಿಟ್ಟು ತಳದ ಚೆಲ್ಲೋಗಳನ್ನು ಮಾತ್ರ ಹಿಂಬಾಲಿಸಬೇಕು. ಕೊನೆಯ ಭಾಗದಲ್ಲಿ ವಾದ್ಯಗಳು ಒಂದೊಂದಾಗಿ ಹಿಂದೆ ಸರಿಯುವಾಗ ಯಾವುದು ಮೊದಲು ಹೋಯಿತು, ಯಾವುದು ಉಳಿಯಿತು ಎಂದು ಗುರುತಿಸಲು ಯತ್ನಿಸಬಹುದು. ಫೋನಿನ ಸಣ್ಣ ಸ್ಪೀಕರಿನಲ್ಲಿ ಇದಾವುದೂ ಕೇಳಿಸುವುದಿಲ್ಲ, ಚೆಲ್ಲೋಗಳಂತೂ ಇಲ್ಲವೇ ಇಲ್ಲ ಎನ್ನುವಂತಿರುತ್ತವೆ. ಸಾಧಾರಣ ಹೆಡ್‌ಫೋನ್ ಆದರೂ ಬೇಕು.

ನನ್ನ ತಂಗಿಯ ಮಗಳು ಶಿವಮೊಗ್ಗದಲ್ಲಿ ಪಿಟೀಲು ಕಲಿಯುತ್ತಿದ್ದಾಳೆ. ನನ್ನ ಹುಚ್ಚು ಅವಳಿಗೂ ಅಂಟಿ, ಕಾಲೇಜಿನ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಇದನ್ನೇ ನುಡಿಸುತ್ತೇನೆಂದು ಹಟ ಹಿಡಿದು ಕೂತಳು. ನಾಲ್ಕು ಸ್ವರ ತಾನೇ ಎಂದು ಸಲೀಸಾಗಿ ಶುರುಮಾಡಿದವಳು ಎರಡನೆಯ ದಿನವೇ ಫೋನ್ ಮಾಡಿ, “ದೊಡ್ಡಮ್ಮ, ಗಾಂಧಾರ ಹಿಡಿದ್ರೆ ಬೆರಳು ತಾನಾಗೇ ಅಲ್ಲಾಡ್ತದೆ, ಏನ್ ಮಾಡಿದ್ರೂ ನಿ‍ಲ್ತಾ ಇಲ್ಲ” ಎಂದು ದೂರಿದಳು. ಆಭೋಗಿ ವರ್ಣವನ್ನು ಸಾಧನೆ ಮಾಡಿದ ಕೈ ಅದು. ಸಾಧಾರಣ ಗಾಂಧಾರವನ್ನು ಮಧ್ಯಮದ ಕಡೆಯಿಂದ ತೂಗಿಸಿ ಹಿಡಿಯಬೇಕೆಂದು ಅವಳ ಗುರುಗಳು ತಿಂಗಳುಗಟ್ಟಲೆ ತಿದ್ದಿದ್ದಾರೆ. ಇಲ್ಲಿ ಅದೇ ಸ್ವರ ಗಮಕವಿಲ್ಲದೆ, ಕಂಬದ ಹಾಗೆ ನೆಟ್ಟಗೆ ನಿಲ್ಲಬೇಕು. ಗಾಂಧಾರ ಒಂದಿಷ್ಟು ಅಲುಗಿದರೂ ಕೆಳಗಿನ ಸ್ವರಗಳೊಂದಿಗೆ ಹೊಂದದೆ ಇಡೀ ಕಟ್ಟಡ ಕಲಸಿಹೋಗುತ್ತದೆ.

ಪರಿಹಾರ ಸಿಕ್ಕಿದ್ದು ಆ ಧ್ವನಿಮುದ್ರಣದಲ್ಲೇ. ಅಲ್ಲಿಯ ಪಿಟೀಲುಗಳಂತೆ ಬಿಲ್ಲನ್ನು ಬದಿಗಿಟ್ಟು ಬೆರಳಿನಿಂದ ಮೀಟಿದರೆ ನಾದ ಹುಟ್ಟಿದ ಕೂಡಲೇ ಕರಗುತ್ತದೆ, ಅಲುಗಿಸಲು ಬೆರಳಿಗೆ ಸಮಯವೇ ಸಿಗುವುದಿಲ್ಲ. ಅವಳ ವಾದ್ಯ ಐದರ ಶ್ರುತಿಗೆ ಕೂಡಿಸಿದ್ದು, ಎಂದರೆ ಅವಳ ಷಡ್ಜ ಪಾಶ್ಚಾತ್ಯರ ಜಿ. ಶ್ಚೆದ್ರಿಕ್ ಇರುವುದೂ ಜಿ ಮೈನರಿನಲ್ಲಿ, ಹಾಗಾಗಿ ಶ್ರುತಿ ಬದಲಿಸುವ ತೊಂದರೆಯೂ ತಪ್ಪಿತು. ಚರ್ಚಿನ ಗಾಯನವೃಂದಕ್ಕೆ ಗಿಟಾರ್ ನುಡಿಸುವ ಅವಳ ಸಹಪಾಠಿಯೊಬ್ಬ ಮೂರನೆಯ ಮನೆಗೆ, ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಯಾಪೊ ಹಾಕಿಕೊಂಡು, ತನಗೆ ಅಭ್ಯಾಸವಿರುವ ಇ ಮೈನರಿನ ಹಿಡಿತಗಳಲ್ಲೇ, ಷಡ್ಜದಿಂದ ಪಂಚಮಕ್ಕೆ ಇಳಿಯುವ ಆ ತಳದ ಸಾಲನ್ನು ನುಡಿಸುತ್ತಾನೆ. ಹಾರ್ನ್‌ಗಳ ಏರಿಕೆ ಬಂದಾಗ ಅವಳು ಬಿಲ್ಲನ್ನು ಕೈಗೆತ್ತಿಕೊಳ್ಳುತ್ತಾಳೆ, ಗುಚ್ಛವನ್ನು ಗಿಟಾರ್ ವಹಿಸಿಕೊಳ್ಳುತ್ತದೆ. ಇಷ್ಟರಮಟ್ಟಿಗೆ ಒಪ್ಪಂದವಾಗಿದೆ. ವೇಗದ ವಿಷಯದಲ್ಲಿ ಮಾತ್ರ ಜಗಳ ಮುಗಿದಿಲ್ಲ: ಅವನಿಗೆ ಮುದ್ರಣದಷ್ಟೇ ದುಡುಕಿನ ಕಾಲ ಬೇಕು, ಇವಳು ದೀಪ ಆರದ ಹಾಗೆ ನಡೆಯುವವರ ನಡಿಗೆಗಿಂತ ಒಂದಿಷ್ಟೂ ಮುಂದೆ ಹೋಗುವುದಿಲ್ಲವೆಂದು ಕೂತಿದ್ದಾಳೆ.